ಬೀಸುವ ಹಾಡಿನ ಮೂರನೆಯ ಸಾಲು

ಟೀವಿಯ ಇತಿಹಾಸ ಕಾರ್ಯಕ್ರಮ ದಿನದಂತೆ ಮುನ್ನೂರು ವರ್ಷ ಹಿಂದಿನ ಕಾಲದಿಂದ ನೇರಪ್ರಸಾರವಾಗುತ್ತಿತ್ತು. ಹರೆಯದ ಹೆಣ್ಣುಮಗಳೊಬ್ಬಳು ಬೀಸುಕಲ್ಲಿನ ಮುಂದೆ ಕುಳಿತು ಹಾಡು ಕಟ್ಟುತ್ತಿದ್ದಳು. ರೊಟ್ಟಿ ಬಡಿಯುತ್ತಿದ್ದ ಕಾಶವ್ವ ಟೀವಿಯತ್ತ ತಿರುಗಿದಳು. ಅದು ತನ್ನ ಅಜ್ಜಿ ಹಾಡುತ್ತಿದ್ದ ಹಾಡು! ಎರಡು ಸಾಲು ಮುಗಿಸಿದ ಹುಡುಗಿ ಮೂರನೆಯದು ಹೊಳೆಯದೆ ಮತ್ತೆ ಮತ್ತೆ ಮೊದಲಿಗೇ ಬರುತ್ತಿದ್ದಳು.

ಕಾಶವ್ವನಿಗೆ ತಡೆಯಲಾಗಲಿಲ್ಲ. "ಬೆಳದಿಂಗಳ ಹಿಟ್ಟಾಗಿ ಉದುರ್ಯಾದ, ಅಂತ ಹಾಡವಾ," ಎಂದು ಕೂಗಿದಳು.

"ಆ ಕಾಲಕ್ಕ ನಮ್ಮ ಮಾತ ಕೇಳಸ್ತದೇನ್ರಿ ಅತ್ತಿ?" ಬದನೆಕಾಯಿ ಹೆಚ್ಚುತ್ತಿದ್ದ ಸೊಸೆ ಸುಮಿತ್ರಾ ನಕ್ಕಳು.

ಪರದೆಯ ಹುಡುಗಿ ಕಲ್ಲು ನಿಲ್ಲಿಸಿ ಆಲಿಸಿದಳು. ಆಮೇಲೆ ಅದೇ ಸಾಲನ್ನು ಎದೆ ತುಂಬಿ ಹಾಡಿದಳು.

"ಯಾರ ಕಲಿಸ್ಯಾರ ಇದನ್ನ?" ಪರದೆಯಲ್ಲಿ ಒಳಮನೆಯಿಂದ ಹುಡುಗಿಯ ಅತ್ತೆ ಕೇಳಿದಳು.

ಹುಡುಗಿ ನೇರ ಕಾಶವ್ವನತ್ತ ಬೆರಳು ಮಾಡಿದಳು. "ಅಲ್ಲೊಬ್ಬಾಕಿ ಮುದುಕಿ ಕುಂತಾಳ್ರಿ ಅತ್ತಿ. ನನ್ನ ಹಾಡ ಕೇಳಕೋಂತ ಹಂಚಿನ ಮ್ಯಾಲಿನ ರೊಟ್ಟಿ ಹೊತ್ತಿಸ್ಯಾಳ."