ನಾಟಿ ಸಾಲಿನ ಸಾಕ್ಷಿ

ವಿಚಾರಣಾಧಿಕಾರಿಯ ಜೀಪು ಮಾನ್ವಿಯ ಆಚೆ ಬಸವಲಿಂಗನ ಗದ್ದೆಯ ಬದುವಿಗೆ ಬಂದು ನಿಂತಾಗ ಸೂಗಮ್ಮ ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ ಭತ್ತದ ಸಸಿ ಹಚ್ಚುತ್ತಿದ್ದಳು. ಅಧಿಕಾರಿಯ ಹಿಂದೆ ಅವಳ ಮಗಳು ಮೌನೇಶ್ವರಿಯೂ ಇಳಿದಳು. ಬರುವ ದಾರಿಯಲ್ಲೇ ಆತ ಹೇಳಿದ್ದ: "ನಿಮ್ಮ ತಾಯಿ ಮಾತಾಡುವಾಗ ನೀವು ತುಟಿ ಬಿಚ್ಚಬಾರದು. ಸನ್ನೆಯನ್ನೂ ಮಾಡಬಾರದು."

ಆದದ್ದು ಇಷ್ಟು. ಸರ್ಕಾರದ ನೆರವಿನಿಂದ ಕಲಿತು ಪೈಲಟ್ ಪರವಾನಗಿ ಪಡೆದಿದ್ದ ಮೌನೇಶ್ವರಿ ಹೋದ ವಾರ ಪುಟ್ಟ ವಿಮಾನದಲ್ಲಿ ಒಬ್ಬಳೇ ಹಾರುತ್ತಿದ್ದಾಗ ಮೋಡ ಕವಿಯಿತು. ನೆಲ ಕಾಣಲೆಂದು ಕೆಳಗಿಳಿದಳು. ತುಂಗಭದ್ರೆಯನ್ನು ಹಿಡಿದು ಹೋಗಬೇಕಾದವಳು, ತುಂಬಿ ಹರಿಯುತ್ತಿದ್ದ ಕಾಲುವೆಯನ್ನೇ ನದಿಯೆಂದುಕೊಂಡಳು. ಅದನ್ನೇ ನಂಬಿ ಮಾನ್ವಿಯ ಗದ್ದೆಗಳ ಮೇಲೆ ತೀರ ತಗ್ಗಿನಲ್ಲಿ ಸಾಗಿ, ರಾಯಚೂರಿನ ಬಳಿ ವಿಮಾನ ಹಾರಬಾರದ ವಿದ್ಯುತ್ ಕೇಂದ್ರದ ಮೇಲೆ ಹೋಗಿಬಿಟ್ಟಳು. ಮೋಡದಲ್ಲಿ ದಾರಿ ತಪ್ಪಿದ್ದೆಂದಾದರೆ ಕೆಲವು ತಿಂಗಳು ಹಾರುವಂತಿಲ್ಲ, ಮತ್ತೊಮ್ಮೆ ಪರೀಕ್ಷೆ, ಅಷ್ಟೇ. ಬೇಕೆಂದೇ ಇತ್ತ ತಿರುಗಿಸಿದ್ದಾದರೆ ಪರವಾನಗಿಯೇ ರದ್ದು. ಅವಳ ತಾಯಿ ಇದೇ ಗದ್ದೆಗಳಲ್ಲಿ ಕೂಲಿ ಮಾಡುತ್ತಾಳೆಂಬುದು ಹೇಗೋ ಅಧಿಕಾರಿಯ ಕಿವಿಗೆ ಬಿದ್ದಿತ್ತು.

"ಅಮ್ಮಾ, ಆ ದಿನ ಮಗಳು ಈ ಕಡೆ ಬರುತ್ತಾಳೆಂದು ನಿಮಗೆ ಮೊದಲೇ ಗೊತ್ತಿತ್ತೇ? ಮೋಡದಲ್ಲಿ ದಾರಿ ತಿಳಿಯದೆ ಬಂದೆ ಅನ್ನುತ್ತಾರೆ ಇವರು."

ಸೂಗಮ್ಮ ಸೊಂಟ ನೆಟ್ಟಗೆ ಮಾಡಿದಳು. ಅವಳ ಕಣ್ಣು ಬದುವಿನ ಮೇಲೆ ಕೊಡೆ ಹಿಡಿದು ನಿಂತಿದ್ದ ಬಸವಲಿಂಗನ ಕಡೆ ಹೋಯಿತು. ಟಿವಿಯಲ್ಲಿ ಸುದ್ದಿ ಬಂದ ಮರುದಿನ ಅವನು ಇಲ್ಲೇ ನಿಂತು ಅಂದಿದ್ದ: "ನಿಮ್ಮ ಕೇರಿ ಹುಡುಗಿ ಕೈಯಾಗ ವಿಮಾನ ಕೊಟ್ರ ಇನ್ನೇನಾಗ್ತದ? ಹೊಳಿ ಯಾವುದು, ಕಾಲಿವಿ ಯಾವುದು ತಿಳಿಯಂಗಿಲ್ಲ." ಸಾಲಿನ ಹೆಂಗಸರಲ್ಲಿ ಕೆಲವರು ನಕ್ಕೂ ಇದ್ದರು. 

"ನನ್ನ ಮಗಳು ದಾರಿ ತಿಳೀದಾಕಿ ಅಲ್ರಿ ಸಾಹೇಬ್ರ," ಎಂದಳು, ಬಸವಲಿಂಗನಿಗೂ ಕೇಳುವಂತೆ. "ಸಣ್ಣಾಕಿ ಇದ್ದಾಗಿಂದ ನಮ್ಮೂರು ಗಬ್ಬೂರಿಂದ ದೇವದುರ್ಗದ ಸಾಲಿಗೆ ಕಲಿಯಾಕ ಒಬ್ಬಾಕಿನಽ ಹೋಗಿ ಬಂದಾಕಿ. ನಾನಽ ಕರದಿದ್ದೆ. ಮ್ಯಾಲಿಂದ ಒಮ್ಮಿ ನನ್ನ ನೋಡಿ ಹೋಗವ್ವಾ ಅಂದಿದ್ದೆ. ಬಂದಳು, ನೋಡಿದಳು, ಹೋದಳು."

ಮೌನೇಶ್ವರಿಗೆ "ಯವ್ವಾ" ಎಂದು ಕೂಗಬೇಕೆನಿಸಿತು, ತುಟಿ ಕಚ್ಚಿಕೊಂಡಳು.

ಅಧಿಕಾರಿ ಕೆಟ್ಟವನಲ್ಲ. ಬರೆಯುತ್ತಿದ್ದ ಕೈ ನಿಲ್ಲಿಸಿದ. "ಯೋಚಿಸಿ ಹೇಳಿ ಅಮ್ಮಾ. ಮೋಡ ಕವಿದರೆ ಎಂಥವರಿಗೂ ದಾರಿ ತಪ್ಪುತ್ತದೆ. ಅದರಲ್ಲಿ ಅವಮಾನವೇನಿಲ್ಲ."

ಅವನದು ಕನಿಕರ. ಸೂಗಮ್ಮನಿಗೆ ಮಾತ್ರ ಅದು ಬಸವಲಿಂಗನ ಮಾತನ್ನೇ ನಯವಾಗಿ ಆಡಿದಂತೆ ಕೇಳಿಸಿತು. "ಎಂಥವರಿಗಿ ಬೇಕಾದ್ರೂ ತಪ್ಪಲಿ, ನನ್ನ ಮಗಳಿಗಿ ತಪ್ಪಂಗಿಲ್ಲ. ನಾ ಸೆರಗು ಬೀಸೀನಿ. ಬೇಕಾದ್ರ ಇವರನ್ನ ಕೇಳ್ರಿ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾಟಿ ಹಚ್ಚುವಾಗ ಯಾರೂ ತಲೆಯೆತ್ತುವುದಿಲ್ಲ. ಎತ್ತಿದರೆ ಸಾಲು ಸೊಟ್ಟಗಾಗುತ್ತದೆ, ಬದುವಿನಿಂದ ಬೈಗುಳ ಬೀಳುತ್ತದೆ. ಆ ದಿನವೂ ವಿಮಾನದ ಸದ್ದು ಅವರ ಬಗ್ಗಿದ ಬೆನ್ನುಗಳ ಮೇಲೆ ಹಾದುಹೋಗಿತ್ತು, ನೋಡಿದವರು ಒಬ್ಬರೂ ಇರಲಿಲ್ಲ. ಆದರೆ ಸೂಗಮ್ಮನ ಮುಖ ನೋಡಿದ ಮೇಲೆ, ಹೆಂಗಸರನ್ನು ಕೆಲಸಕ್ಕೆ ಕರೆತರುವ ಖತೀಜಾ ಬೀ ಕೈಯ ಕೆಸರು ಝಾಡಿಸಿ ಮುಂದೆ ಬಂದಳು.

"ಹೌದ್ರಿ ಸಾಬ್. ನಾವೆಲ್ಲಾ ನೋಡೀವಿ, ಕೈ ಬೀಸೀವಿ."

ಸಾಲಿಗೆ ಸಾಲೇ ಹೌದು ಹೌದೆಂದಿತು. ಅಂದು ನಕ್ಕವರ ದನಿ ಎಲ್ಲರಿಗಿಂತ ಜೋರಾಗಿತ್ತು.

ಅಧಿಕಾರಿ ಮೌನೇಶ್ವರಿಯ ಕಡೆ ತಿರುಗಿದ. "ಈಗ ನೀವು ಮಾತಾಡಬಹುದು. ಇವರು ಹೇಳಿದ್ದು ಸುಳ್ಳು ಅನ್ನುತ್ತೀರಾ?"

ಅವಳು ತಾಯಿಯನ್ನು ನೋಡಿದಳು. ಬದುವಿನ ಮೇಲಿದ್ದವರ ಎದುರು ತಾಯಿ ಹೀಗೆ ಬೆನ್ನು ನೆಟ್ಟಗೆ ಮಾಡಿ ನಿಂತದ್ದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಬಸವಲಿಂಗ ಕೊಡೆಯನ್ನು ಆ ಕೈಯಿಂದ ಈ ಕೈಗೆ ಬದಲಿಸಿ ಬೇರೆಲ್ಲೋ ನೋಡುತ್ತಿದ್ದ. ಹೌದು, ಸುಳ್ಳು ಎಂದುಬಿಟ್ಟರೆ ಅವಳ ಆಕಾಶ ಅವಳಿಗೆ ಉಳಿಯುತ್ತಿತ್ತು. ಆದರೆ ಅವನ ಎದುರೇ ತಾಯಿ ಸುಳ್ಳು ಹೇಳಿದವಳಾಗುತ್ತಿದ್ದಳು. ಮೌನೇಶ್ವರಿಗೆ ಅಳು ಬಂತು. ತಾಯಿಯ ಮೇಲೆ ಸಿಟ್ಟೂ ಬಂತು.

"ಇಲ್ಲ ಸರ್," ಎಂದಳು.

ಜೀಪು ಹೋಯಿತು. ಸೂಗಮ್ಮ ಮಗಳ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಛಲೋ ಹೇಳಿದ್ನಿಲ್ಲವ್ವಾ? ಇನ್ನ ನಿನಗ ಯಾರೂ ಏನೂ ಅನ್ನಂಗಿಲ್ಲ. ಮತ್ತ ಯಾವಾಗ ಹಾರ್ತಿ?"

"ಛಲೋ ಹೇಳಿದಿ ಬೇ," ಎಂದಳು ಮೌನೇಶ್ವರಿ. ಪ್ಯಾಂಟು ಮಡಚಿಕೊಂಡು ಕೆಸರಿಗಿಳಿದು ತಾಯಿಯ ಕೈಯಿಂದ ಸಸಿಯ ಕಟ್ಟು ತೆಗೆದುಕೊಂಡಳು.

ಸ್ವಲ್ಪ ಹೊತ್ತಿಗೆ ಹೈದರಾಬಾದಿನ ಕಡೆ ಹೋಗುವ ವಿಮಾನದ ಸದ್ದು ಮೋಡದ ಮೇಲೆಲ್ಲೋ ಕೇಳಿಸಿತು. ಬಸವಲಿಂಗ ಇನ್ನೂ ಬದುವಿನ ಮೇಲೆಯೇ ಇದ್ದ. ಆದರೂ ಸಾಲಿನ ಹೆಂಗಸರೆಲ್ಲ ಕೆಲಸ ನಿಲ್ಲಿಸಿ, ಹಣೆಗೆ ಕೆಸರುಗೈ ಹಚ್ಚಿ ಮೇಲೆ ನೋಡಿದರು. ಮೌನೇಶ್ವರಿ ಒಬ್ಬಳೇ ತಲೆಯೆತ್ತದೆ ಸಸಿ ಹಚ್ಚುತ್ತಿದ್ದಳು.