ಗೀಝ್ ಲಿಪಿಯ ಸೊನ್ನೆ

ಇಥಿಯೋಪಿಯಾದ ಹಳೆಯ ಗೀಝ್ ಲಿಪಿಯಲ್ಲಿ ಹತ್ತಕ್ಕೆ ಒಂದು ಗುರುತು, ನೂರಕ್ಕೆ ಇನ್ನೊಂದು; ಸೊನ್ನೆ ಮಾತ್ರ ಹುಟ್ಟಿಯೇ ಇರಲಿಲ್ಲ. ಆ ಅಂಕಿಗಳನ್ನು ಕಂಪ್ಯೂಟರಿಗೆ ಸೇರಿಸುವ ಕಚೇರಿಯಲ್ಲಿ ಕೆಲಸಕ್ಕಿದ್ದ ವುಬಿತ್‌ಳ ಮುಂದೆ ನಿರ್ದೇಶಕ ಒಂದು ಚರ್ಮದ ಹಾಳೆ ಹಿಡಿದ.

"ನೋಡಮ್ಮ, ಆರುನೂರು ವರ್ಷದ ಹಾಳೆ. ಇಲ್ಲಿದೆ ಸೊನ್ನೆ. ಇನ್ನು ಹೊಸ ಅಕ್ಷರಕ್ಕೆ ಒಪ್ಪಿಗೆ ಕೊಡೋ ಮಂಡಳಿಯವರು ಸಾಕ್ಷಿ ಎಲ್ಲಿ ಅನ್ನೋ ಹಾಗಿಲ್ಲ."

ಹಾಳೆ ಹಳೆಯದೇ. ಸೊನ್ನೆಯಿಂದ ಮಾತ್ರ ಹಸಿ ಮಸಿಯ ವಾಸನೆ ಮೂಗಿಗೆ ಬಡಿಯಿತು. ಸತ್ತು ಮಲಗಿದ ಅಜ್ಜಿಯ ತುಟಿಗೆ ಯಾರೋ ಬಣ್ಣ ಬಳಿದದ್ದನ್ನು ಕಂಡಂತೆ ಅವಳು ಹಾಳೆಯನ್ನು ದೂರ ತಳ್ಳಿದಳು.

"ಥೂ! ಏನ್ ಸಾರ್ ಇದು? ಒಂದ್ಸಲ ಕಂಪ್ಯೂಟರಿಗೆ ಸೇರಿದ ಅಕ್ಷರಾನ ಮತ್ತೆ ತೆಗೆಯೋಕಾಗಲ್ಲ. ಈ ಸುಳ್ಳು ಪ್ರಪಂಚ ಇರೋವರೆಗೂ ಉಳಿಯುತ್ತೆ."

"ನಿಮ್ಮ ಗುರುಗಳನ್ನೇ ಕೇಳೋಣ. ಅವರು ಬೇಡ ಅಂದ್ರೆ ಇಲ್ಲೇ ಹರಿದು ಹಾಕ್ತೀನಿ."

ವುಬಿತ್‌ಗೆ ಹೋದ ಜೀವ ಬಂದಂತಾಯಿತು. ಗೆರೆಯೊಂದು ಓರೆಯಾದರೆ ಇಡೀ ಪುಟವನ್ನು ಮತ್ತೆ ಬರೆಸುತ್ತಿದ್ದ ಗುರುಗಳು ಅವರು. ಪಕ್ಕದ ಕೋಣೆಯಿಂದ ಕೋಲೂರಿಕೊಂಡು ಬಂದರು. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಸೊನ್ನೆಯನ್ನು ನೋಡಿದ್ದೇ ತಡ, ಅವರ ಗಡ್ಡ ಅದುರತೊಡಗಿತು.

"ಯಾವ ಕಟುಕ ಇದರ ಮೇಲೆ ಕೈಯಾಡಿಸಿದ್ದು?"

ವುಬಿತ್‌ಳ ಕಣ್ಣು ತುಂಬಿತು. "ನಾನೂ ಅದನ್ನೇ ಕೇಳಿದೆ ಗುರುಗಳೇ. ಇವರಿಗೆ ನೀವೇ ಬುದ್ಧಿ ಹೇಳಿ."

ಗುರುಗಳು ನಿರ್ದೇಶಕನತ್ತ ಕೋಲೆತ್ತಿದರು.

"ಬಣ್ಣ ಸಾಲದು ಅಂತ ಮೇಲೆ ತಿದ್ದಿಸಿದಿರೇನ್ರೀ? ನಾನು ಬರೆದುಕೊಟ್ಟಾಗ ಎಷ್ಟು ದುಂಡಗಿತ್ತು!"