ಹಗಲವ್ವ

ಉಕ್ಕಿನ ಹೊಸ ಊರಿನಲ್ಲಿ ಸರ್ಕಾರ ಇಬ್ಬರು ತಾಯಂದಿರಿಗೆ ಒಂದು ಮನೆ, ಒಂದು ಮಗು ಎಂದು ಹಂಚಿತ್ತು. ಹುಲಿಗೆಮ್ಮ ಹಗಲು ಪಾಳಿಗೆ ಹೊರಟ ಮೇಲೆ, ರಾತ್ರಿ ಪಾಳಿ ಮುಗಿಸಿದ ಇನ್ನೊಬ್ಬಳು ಬಂದು ಮಗು ಪಾರಿಯನ್ನು ನೋಡಿಕೊಳ್ಳುತ್ತಿದ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ಕಂಡವರಲ್ಲ. ಅವಳು ಪಾರಿಗೆ ಬಿಗಿಯಾಗಿ ಹೆಣೆದ ಎರಡು ಜಡೆಗಳನ್ನು ದಿನಾ ಸಂಜೆ ಬಿಚ್ಚುವುದಷ್ಟೇ ಹುಲಿಗೆಮ್ಮನಿಗಿದ್ದ ಪರಿಚಯ.

ಅಂದು ಸಂಜೆ ಪಾರಿಯ ತಲೆ ಕೆದರಿತ್ತು.

"ಹಗಲವ್ವ ಬರ್ಲೇ ಇಲ್ಲ. ಹೊಟ್ಟಿ ಹಸದೈತಿ," ಎಂದಳು.

ಸತ್ತವಳು ಯಾರೆಂದು ಹುಲಿಗೆಮ್ಮನಿಗೆ ಈಗ ಹೊಳೆಯಿತು. ರಾತ್ರಿ ಕುಲುಮೆಯಲ್ಲಿ ಯಾರೋ ಹೆಂಗಸು ಸತ್ತಳೆಂದು ಬೆಳಿಗ್ಗೆ ಕೇಳಿ, ಅಯ್ಯೋ ಪಾಪ ಎಂದು ಕೆಲಸಕ್ಕೆ ಬಗ್ಗಿದ್ದಳು. ಒಂಟಿ ತಾಯಿಯ ಬಳಿ ಮಗುವನ್ನು ಬಿಡುವ ಕಾನೂನಿಲ್ಲ. ನಾಳೆ ಕಚೇರಿಯವರು ಬಂದು ಪಾರಿಯನ್ನು ಬೇರೊಂದು ಜೋಡಿಗೆ ಒಪ್ಪಿಸುತ್ತಾರೆ.

ಉಣ್ಣಿಸಿ ಮಲಗಿಸಿದಳು. ಹೋಗುವ ಮಗು ಕೆದರಿದ ತಲೆಯಲ್ಲಿ ಹೋಗಬಾರದೆನಿಸಿ, ನಿದ್ದೆಯಲ್ಲಿದ್ದವಳ ಕೂದಲನ್ನು ಮೊದಲ ಸಲ ತಾನೇ ಹೆಣೆದಳು. ಹಗಲವ್ವನ ಹಾಗೆಯೇ, ಬಿಗಿಯಾಗಿ, ಎರಡು.

ಬೆಳಿಗ್ಗೆ ಯಾರೋ ಬಾಗಿಲು ತಟ್ಟಿದರು. ಪಾರಿ ಎದ್ದು ತಲೆ ಮುಟ್ಟಿ ನೋಡಿಕೊಂಡಳು. ಮುಖ ಅರಳಿತು.

"ಹಗಲವ್ವ ಬಂದಾಳ!"

ಹುಲಿಗೆಮ್ಮ ತಡೆಯುವುದರೊಳಗೆ ಓಡಿಹೋಗಿ ಚಿಲಕ ತೆಗೆದಳು.